ಸಕ್ಕರೆ ಯಾರ್ಲಾ ತಿಂದೋರು?

ಮೈಸೂರಿನಲ್ಲಿ ಒಮ್ಮೆ ವೈನ್ ಮೇಳಕ್ಕೆ ಹೋಗಿದ್ದೆ. ಒಂದೊಂದು ಸ್ಟಾಲಿನಲ್ಲೂ ಪುಟ್ಟ ಪ್ಲಾಸ್ಟಿಕ್ ಲೋಟದಲ್ಲಿ ರುಚಿ ನೋಡಲು ಕೊಡುತ್ತಿದ್ದರು. ನನ್ನ ಪಕ್ಕದಲ್ಲಿ ಅರವತ್ತು ದಾಟಿದ ಹಿರಿಯರೊಬ್ಬರು ನಿಂತಿದ್ದರು. ನಿವೃತ್ತ ಮೇಷ್ಟ್ರು ಇರಬೇಕು, ಪ್ರಶ್ನೆ ಕೇಳುವ ಧಾಟಿ ಹಾಗಿತ್ತು. ಸ್ಟಾಲಿನ ಹುಡುಗ ಮೊದಲು ಬಿಳಿ ವೈನ್ ಕೊಟ್ಟ. ಇವರು ಒಂದು ಗುಟುಕು ಕುಡಿದು, "ಪರವಾಗಿಲ್ಲಪ್ಪ, ಸಿಹಿಯಾಗಿದೆ" ಅಂದರು. "ಇಲ್ಲ ಸಾರ್, ಇದು ಡ್ರೈ ವೈನು, ಅಂದ್ರೆ ಸಕ್ಕರೆ ಉಳಿದಿರಲ್ಲ" ಅಂದ ಹುಡುಗ. ಆಮೇಲೆ ಕೆಂಪು ಕೊಟ್ಟ. ಮೇಷ್ಟ್ರು ಮುಖ ಕಿವಿಚಿದರು. "ನೋಡು, ಡ್ರೈ ಅಂದ್ರೆ ಇದು" ಅಂದರು. ಹುಡುಗ ಪಾಪ ಬಹಳ ತಾಳ್ಮೆಯವನು. "ಸಾರ್, ಎರಡರಲ್ಲೂ ಸಕ್ಕರೆ ಹೆಚ್ಚುಕಮ್ಮಿ ಅಷ್ಟೇ. ನೋಡಿದ್ರೆ ಕೆಂಪಲ್ಲೇ ಒಂಚೂರು ಜಾಸ್ತಿ ಇರಬಹುದು" ಅಂದ. ಮೇಷ್ಟ್ರು ಲೋಟವನ್ನು ಮೇಜಿನ ಮೇಲಿಟ್ಟು, "ಹಂಗಾದ್ರೆ ನನ್ನ ನಾಲಿಗೆ ಸುಳ್ಳು ಹೇಳ್ತಾ ಇದೆಯಾ?" ಎಂದು ಕೇಳಿದರು. ಹಿಂದೆ ಸಾಲು ಬೆಳೆದಿತ್ತು. ಉತ್ತರ ಬರಲಿಲ್ಲ.

ಆ ಪ್ರಶ್ನೆ ನನ್ನನ್ನು ಸುಮ್ನೆ ಬಿಡಲಿಲ್ಲ. ಹುಡುಗ ಹೇಳಿದ್ದೂ ಸರಿ ಅನ್ನಿಸುತ್ತಿತ್ತು, ಮೇಷ್ಟ್ರು ಹೇಳಿದ್ದೂ ಸರಿ ಅನ್ನಿಸುತ್ತಿತ್ತು. ಓದುತ್ತಾ, ಕೇಳುತ್ತಾ, ಕುಡಿಯುತ್ತಾ ಹೋದ ಮೇಲೆ ಈಗ ನನಗೆ ಅನ್ನಿಸುವುದು ಇಷ್ಟು: ವೈನಿನ ಸಿಹಿಗೆ ಎರಡು ಲೆಕ್ಕಪುಸ್ತಕ ಇವೆ. ಒಂದು ಬಾಟಲಿಯದು, ಇನ್ನೊಂದು ನಾಲಿಗೆಯದು. ಎರಡೂ ಪ್ರಾಮಾಣಿಕವೇ. ಆದರೆ ಒಂದರ ಮೊತ್ತ ಇನ್ನೊಂದಕ್ಕೆ ತಾಳೆ ಆಗಲೇಬೇಕೆಂದಿಲ್ಲ.

ಬಾಟಲಿಯ ಲೆಕ್ಕ

ಈ ಲೆಕ್ಕ ಮಂಡ್ಯದವರಿಗೆ ಅರ್ಧ ಆಗಲೇ ಗೊತ್ತಿರುತ್ತದೆ. ನಮ್ಮ ಚಿಕ್ಕಪ್ಪ ಕಬ್ಬು ಬೆಳೆಯುತ್ತಾರೆ. ಅವರ ಹತ್ತಿರ ರಸದ ಸಕ್ಕರೆ ಅಳೆಯುವ, ಕೈಯಲ್ಲಿ ಹಿಡಿಯುವ ಒಂದು ರಿಫ್ರಾಕ್ಟೋಮೀಟರ್ ಇದೆ. ಕಬ್ಬಿನ ಬುಡದ ಕಡೆಯಿಂದ ಒಂದು ಹನಿ, ತುದಿಯ ಕಡೆಯಿಂದ ಒಂದು ಹನಿ ತೆಗೆದು, ಅದರ ಗಾಜಿನ ಮೇಲೆ ಹಾಕಿ, ಬೆಳಕಿಗೆ ಹಿಡಿದು ಕಣ್ಣಿಟ್ಟು ನೋಡುತ್ತಾರೆ. ಎರಡು ಅಂಕಿಗಳೂ ಹತ್ತಿರ ಹತ್ತಿರ ಬಂದರೆ ಕಬ್ಬು ಬಲಿತಿದೆ ಎಂದು ಅರ್ಥ. ಬ್ರಿಕ್ಸ್ (ನೂರು ಗ್ರಾಂ ರಸದಲ್ಲಿ ಸುಮಾರು ಎಷ್ಟು ಗ್ರಾಂ ಸಕ್ಕರೆ ಎಂಬ ಅಳತೆ) 18 ದಾಟಿದ್ದರೆ ಕಟಾವಿಗೆ ಅಡ್ಡಿಯಿಲ್ಲ. ವೈನ್ ದ್ರಾಕ್ಷಿ ಬೆಳೆಯುವವರು ಬಳಸುವುದೂ ಇದೇ ಯಂತ್ರ, ಇದೇ ಬ್ರಿಕ್ಸ್. ಅವರು ಸಾಮಾನ್ಯವಾಗಿ 22ರಿಂದ 24 ಬರುವವರೆಗೆ ಕಾಯುತ್ತಾರೆ. ಅಂದರೆ ವೈನ್ ದ್ರಾಕ್ಷಿಯ ರಸ ನಮ್ಮ ಕಬ್ಬಿನ ಹಾಲಿಗಿಂತ ಸಿಹಿ.

ಇದನ್ನು ಹೇಳಿದಾಗ ಚಿಕ್ಕಪ್ಪ ನಂಬಲಿಲ್ಲ. ನಾನು ತಂದುಕೊಟ್ಟಿದ್ದ ಡ್ರೈ ವೈನಿನ ಲೋಟ ಅವರ ಕೈಯಲ್ಲೇ ಇತ್ತು. "ಇಪ್ಪತ್ನಾಕು ಬ್ರಿಕ್ಸ್ ಅಂತೀಯ, ಬಾಯಿಗೆ ಹಾಕ್ಕಂಡ್ರೆ ಒಂದ್ ಚೂರೂ ಸೀ ಇಲ್ಲ. ಮತ್ತೆ ಆ ಸಕ್ಕರೆ ಯಾರ್ಲಾ ತಿಂದೋರು?" ಎಂದರು. ವೈನಿನ ಬಗ್ಗೆ ನಾನು ಕೇಳಿದ ಅತಿ ಒಳ್ಳೆಯ ಪ್ರಶ್ನೆ ಇದು.

ತಿಂದದ್ದು ಈಸ್ಟ್ ಎಂಬ ಹುದುಗಿನ ಸೂಕ್ಷ್ಮಜೀವಿ. ದ್ರಾಕ್ಷಿ ರಸದಲ್ಲಿರುವ ಗ್ಲೂಕೋಸ್ ಮತ್ತು ಫ್ರಕ್ಟೋಸ್ ತಿಂದು ಅದು ಆಲ್ಕೋಹಾಲ್ ಮತ್ತು ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. 1930ರ ದಶಕದಲ್ಲಿ ಶುರುವಾದ ಮಂಡ್ಯದ ಮೈಶುಗರ್ ಕಾರ್ಖಾನೆ ಗೊತ್ತಿದ್ದವರಿಗೆ ಕಾಕಂಬಿಯಿಂದ ಸ್ಪಿರಿಟ್ ಬರುವುದು ಗೊತ್ತು. ಅಲ್ಲೂ ದುಡಿಯುವುದು ಇದೇ ಈಸ್ಟೇ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಖರ್ಚಾದರೆ ಶೇಕಡ 1 ಆಲ್ಕೋಹಾಲ್ ಸಿಗುತ್ತದೆ. ಲೀಟರಿಗೆ 230 ಗ್ರಾಂ ಸಕ್ಕರೆ ಇರುವ ರಸವನ್ನು ಈಸ್ಟ್ ಪೂರ್ತಿ ಮುಗಿಸಿದರೆ 13.5ರ ಆಸುಪಾಸಿನ ಆಲ್ಕೋಹಾಲ್. ಆಗ ಅದು ಡ್ರೈ ವೈನ್. ನಡುವೆ ಎಲ್ಲೋ ನಿಂತರೆ ಉಳಿದ ಸಕ್ಕರೆ ಬಾಟಲಿಯಲ್ಲೇ ಉಳಿಯುತ್ತದೆ. ಬಾಟಲಿಯ ಲೆಕ್ಕಕ್ಕೆ ಮುಖ್ಯ ಪ್ರಶ್ನೆ ಒಂದೇ: ಈಸ್ಟ್ ಎಲ್ಲಿ ನಿಂತಿತು, ಯಾಕೆ ನಿಂತಿತು?

ಯೂರೋಪಿನ ನಿಯಮದ ಪ್ರಕಾರ ಲೀಟರಿಗೆ 4 ಗ್ರಾಂವರೆಗೆ ಸಕ್ಕರೆ ಇದ್ದರೆ ಡ್ರೈ. ಹುಳಿ ಚೆನ್ನಾಗಿದ್ದರೆ 9 ಗ್ರಾಂವರೆಗೂ ಡ್ರೈ ಎನ್ನಬಹುದು. 45 ಗ್ರಾಂ ದಾಟಿದರೆ ಸ್ವೀಟ್. ಪೂರಾ ಸೊನ್ನೆ ಅನ್ನುವುದು ಇರುವುದಿಲ್ಲ, ಯಾಕೆಂದರೆ ದ್ರಾಕ್ಷಿಯಲ್ಲಿ ಈಸ್ಟಿಗೆ ಜೀರ್ಣವಾಗದ ಕೆಲವು ಸಕ್ಕರೆಗಳೂ ಸ್ವಲ್ಪ ಇರುತ್ತವೆ. ಇನ್ನೊಂದು ಸ್ವಾರಸ್ಯ ಇದೆ. ಈಸ್ಟ್ ಗ್ಲೂಕೋಸನ್ನು ಮೊದಲು ಖಾಲಿ ಮಾಡುತ್ತದೆ, ಫ್ರಕ್ಟೋಸನ್ನು ನಿಧಾನಕ್ಕೆ. ಹಾಗಾಗಿ ನಡುವೆ ನಿಲ್ಲಿಸಿದ ವೈನಿನಲ್ಲಿ ಜಾಸ್ತಿ ಉಳಿಯುವುದು ಫ್ರಕ್ಟೋಸ್. ಎರಡರಲ್ಲಿ ನಾಲಿಗೆಗೆ ಹೆಚ್ಚು ಸಿಹಿ ಅನ್ನಿಸುವುದೂ ಅದೇ.

ಈಸ್ಟನ್ನು ನಿಲ್ಲಿಸುವುದು ಹೇಗೆ? ತೊಟ್ಟಿಯನ್ನು ಚೆನ್ನಾಗಿ ತಣ್ಣಗೆ ಮಾಡಿ, ಗಂಧಕದ ಡೈಆಕ್ಸೈಡ್ ಹಾಕಿ, ಈಸ್ಟ್ ದಾಟದಷ್ಟು ಸಣ್ಣ ರಂಧ್ರದ ಫಿಲ್ಟರಿನಲ್ಲಿ ಸೋಸುವುದು ಈಗ ಎಲ್ಲ ಕಡೆ ಇರುವ ದಾರಿ. ಪೋರ್ಚುಗಲ್ಲಿನ ಪೋರ್ಟ್ ಮಾಡುವವರದು ಇನ್ನೂ ನೇರ. ಸಕ್ಕರೆ ಅರ್ಧ ಮುಗಿಯುವ ಹೊತ್ತಿಗೆ ದ್ರಾಕ್ಷಿಯ ಸ್ಪಿರಿಟನ್ನೇ ಸುರಿಯುತ್ತಾರೆ. ಆಲ್ಕೋಹಾಲ್ 20ರ ಹತ್ತಿರ ಹೋಗುತ್ತದೆ, ಈಸ್ಟ್ ಅಲ್ಲೇ ಸಾಯುತ್ತದೆ, ಲೀಟರಿಗೆ 100 ಗ್ರಾಂ ಆಸುಪಾಸಿನ ಸಕ್ಕರೆ ಹಾಗೇ ಉಳಿಯುತ್ತದೆ. (ನಮ್ಮ ಅಂಗಡಿಗಳಲ್ಲಿ ಪೋರ್ಟ್ ಎಂದು ಸಿಗುವ ಅಗ್ಗದ ಸಿಹಿ ವೈನಿಗೂ ಪೋರ್ಚುಗಲ್ಲಿಗೂ ಸಂಬಂಧ ಇರಬೇಕೆಂದೇನೂ ಇಲ್ಲ.) ಇನ್ನು ಕೆಲವರು ಈಸ್ಟಿಗೆ ತಿಂದು ಮುಗಿಸಲಾಗದಷ್ಟು ಸಕ್ಕರೆಯನ್ನು ಮೊದಲೇ ಒದಗಿಸುತ್ತಾರೆ. ಫ್ರಾನ್ಸಿನ ಸೊತರ್ನ್‌ನಲ್ಲಿ ಬೋಟ್ರೈಟಿಸ್ ಎಂಬ ಬೂಷ್ಟು ದ್ರಾಕ್ಷಿಯ ನೀರನ್ನೆಲ್ಲ ಆರಿಸಿ ರಸವನ್ನು ಗಟ್ಟಿ ಮಾಡುತ್ತದೆ. ಕೆನಡಾದಲ್ಲಿ ಮೈನಸ್ 8 ಡಿಗ್ರಿಗೆ ಇಳಿದ ಮೇಲೆ, ಬಳ್ಳಿಯಲ್ಲೇ ಹೆಪ್ಪುಗಟ್ಟಿದ ಹಣ್ಣನ್ನು ಕಿತ್ತು ಹಿಂಡುತ್ತಾರೆ. ನಮ್ಮಲ್ಲಿ ಡಿಸೆಂಬರಿನ ಚಳಿಗೆ ಸ್ವೆಟರ್ ಹಾಕಿಕೊಳ್ಳುತ್ತೇವೆ ನಿಜ, ಆದರೆ ಅದಕ್ಕೆ ದ್ರಾಕ್ಷಿ ಹೆದರುವುದಿಲ್ಲ.

ಆಂಟಿಯ ಭರಣಿ

ಇಷ್ಟೆಲ್ಲ ಓದುವ ಎಷ್ಟೋ ಮೊದಲೇ ನಾನು ವೈನ್ ಆಗುವುದನ್ನು ನೋಡಿದ್ದೆ. ಮೈಸೂರಿನ ಅಶೋಕ ರಸ್ತೆಯ ಕಡೆ, ಸೇಂಟ್ ಫಿಲೋಮಿನಾ ಚರ್ಚಿನಿಂದ ದೂರವಿಲ್ಲದ ಒಂದು ಗಲ್ಲಿಯಲ್ಲಿ ನಾವು ಬಾಡಿಗೆಗೆ ಇದ್ದ ಕಾಲ. ಪಕ್ಕದ ಮನೆ ಆಂಟಿ ನವೆಂಬರ್ ಬಂತೆಂದರೆ ದೇವರಾಜ ಮಾರುಕಟ್ಟೆಯಿಂದ ಬೆಂಗಳೂರು ಬ್ಲೂ ದ್ರಾಕ್ಷಿ ತರುತ್ತಿದ್ದರು. ಆ ಕಪ್ಪು ದ್ರಾಕ್ಷಿಯ ವಾಸನೆ ಗೊತ್ತಲ್ಲ, ಚೀಲ ಬಿಚ್ಚಿದರೆ ಗಲ್ಲಿಯ ಕೊನೆಯವರೆಗೂ ಹೋಗುತ್ತದೆ. ಒಂದು ಕೇಜಿ ದ್ರಾಕ್ಷಿಗೆ ಒಂದು ಕೇಜಿ ಸಕ್ಕರೆ, ಎರಡು ಲೀಟರ್ ಕುದಿಸಿ ಆರಿಸಿದ ನೀರು, ಒಂದು ಹಿಡಿ ಗೋಧಿ, ಚಕ್ಕೆ, ಲವಂಗ, ಬೇಕರಿಯಿಂದ ತಂದ ಈಸ್ಟ್. ಎಲ್ಲವನ್ನೂ ಉಪ್ಪಿನಕಾಯಿ ಭರಣಿಗೆ ಹಾಕಿ ಬಾಯಿಗೆ ಬಟ್ಟೆ ಕಟ್ಟುತ್ತಿದ್ದರು. ದಿನಾ ಬೆಳಗ್ಗೆ ಮರದ ಸೌಟಿನಲ್ಲಿ ತಿರುವುವುದು. ಆ ಹೊತ್ತಿಗೆ ನಾನು ಹೋಗಿ ಕಿವಿಗೊಟ್ಟು ಕೇಳುತ್ತಿದ್ದೆ. ಒಳಗಿನಿಂದ ಸಣ್ಣಗೆ ಚಿಟಿಚಿಟಿ ಸದ್ದು ಬರುತ್ತಿತ್ತು. "ಕೆಲಸ ಮಾಡ್ತಾ ಇದೆ, ಮಾತಾಡಿಸಬೇಡ" ಎನ್ನುತ್ತಿದ್ದರು ಆಂಟಿ. ಇಪ್ಪತ್ತೊಂದು ದಿನಕ್ಕೆ ಸೋಸಿ, ಕರಗಿಸಿ ಕೆಂಪಾಗಿಸಿದ ಸಕ್ಕರೆಯ ಪಾಕವನ್ನು ಬಣ್ಣಕ್ಕೆ ಸ್ವಲ್ಪ ಬೆರೆಸಿ, ಬಾಟಲಿಗೆ ತುಂಬುತ್ತಿದ್ದರು.

ಆಂಟಿಯ ವೈನ್ ಯಾವಾಗಲೂ ಸಿಹಿ. ಅದು ಅವರ ಕೈಗುಣ ಎಂದುಕೊಂಡಿದ್ದೆ. ಈಗ ಲೆಕ್ಕ ಹಾಕಿದರೆ ಅದು ಬೇರೆ ಏನೂ ಆಗಲು ಸಾಧ್ಯವೇ ಇರಲಿಲ್ಲ. ಬೆಂಗಳೂರು ಬ್ಲೂನ ಸ್ವಂತ ಸಕ್ಕರೆ ವೈನ್ ದ್ರಾಕ್ಷಿಗಿಂತ ಕಮ್ಮಿ, ಕೇಜಿಗೆ 150 ಗ್ರಾಂ ಎಂದಿಟ್ಟುಕೊಳ್ಳಿ. ಹಾಕಿದ ಸಕ್ಕರೆ 1000 ಗ್ರಾಂ. ನೀರು, ರಸ, ಕರಗಿದ ಸಕ್ಕರೆ ಎಲ್ಲ ಸೇರಿ ಮೂರೂವರೆ ಲೀಟರ್ ಹತ್ತಿರ ಆಗುತ್ತದೆ. ಅಂದರೆ ಲೀಟರಿಗೆ 330 ಗ್ರಾಂ. ಬೇಕರಿ ಈಸ್ಟ್ ಬಹಳ ಗಟ್ಟಿಮುಟ್ಟಾಗಿ ದುಡಿದು ಶೇಕಡ 14 ಆಲ್ಕೋಹಾಲ್ ಮಾಡಿತು ಅಂದರೂ ಖರ್ಚಾಗುವುದು 240 ಗ್ರಾಂ. ಅಲ್ಲಿಗೆ ತಾನು ಮಾಡಿದ ಆಲ್ಕೋಹಾಲ್ ತನಗೇ ವಿಷವಾಗಿ ಸುಸ್ತಾಗುತ್ತದೆ. ಉಳಿದದ್ದು 90 ಗ್ರಾಂ. ಈಸ್ಟ್ ಇನ್ನೂ ಬೇಗ ಸೋತರೆ ಇನ್ನೂ ಜಾಸ್ತಿ. ಕೋಲಾದಲ್ಲಿ ಲೀಟರಿಗೆ 106 ಗ್ರಾಂ ಸಕ್ಕರೆ ಇರುತ್ತದೆ, ಅದರ ಹತ್ತಿರಕ್ಕೆ ಬಂತಲ್ಲ! ಬೀದಿಯ ಮಕ್ಕಳೆಲ್ಲ ಕ್ರಿಸ್‌ಮಸ್ ದಿನ ಒಂದು ಚಮಚಕ್ಕಾಗಿ ಅಲ್ಲಿ ಸುಳಿದಾಡುತ್ತಿದ್ದದ್ದು ಸುಮ್ನೆ ಅಲ್ಲ.

ಒಂದು ವರ್ಷ ಆಂಟಿ ಭರಣಿ ಕಟ್ಟಿದ್ದೇ ತಡವಾಯಿತು. ಹಬ್ಬ ಬಂದೇಬಿಟ್ಟಿತು, ಒಳಗೆ ಇನ್ನೂ ಚಿಟಿಚಿಟಿ ನಿಂತಿರಲಿಲ್ಲ. ಆದರೂ ಸೋಸಿ ಬಾಟಲಿಗೆ ತುಂಬಿ, ಬಿಗಿಯಾಗಿ ಮುಚ್ಚಳ ಹಾಕಿದರು. ಹಬ್ಬಕ್ಕೆ ಖರ್ಚಾಗಿ ಉಳಿದ ಬಾಟಲಿಗಳು ಅಟ್ಟದ ಮೇಲೆ ಹೋದವು. ಬಿಸಿಲು ಏರಿದ ಮೇಲೆ ಒಂದು ರಾತ್ರಿ ಅಟ್ಟದ ಮೇಲಿಂದ ಪಟಾಕಿ ಹೊಡೆದಂಥ ಸದ್ದು. ಎಲ್ಲರೂ ಎದ್ದು ಓಡಿ ಹೋದೆವು. ಮುಚ್ಚಳ ಹಾರಿ, ತೊಲೆಯೆಲ್ಲ ಕೆಂಪು. ಸಕ್ಕರೆ ಇದೆ, ಈಸ್ಟ್ ಬದುಕಿದೆ, ಸೆಕೆ ಇದೆ. ಅದು ಮತ್ತೆ ತಿನ್ನಲು ಶುರುಮಾಡಿತ್ತು. ಹೊರಗೆ ಹೋಗಲು ದಾರಿಯಿಲ್ಲದ ಗಾಳಿ ಮುಚ್ಚಳವನ್ನೇ ಕಿತ್ತುಕೊಂಡು ಹೋಗಿತ್ತು. ಉಳಿದ ಬಾಟಲಿಗಳನ್ನು ಬಗ್ಗಿಸಿ ರುಚಿ ನೋಡಿದ ಆಂಟಿಗೆ ಬೇಜಾರಾದದ್ದು ತೊಲೆಯ ಬಗ್ಗೆ ಅಲ್ಲ. "ಸಿಹಿ ಕಮ್ಮಿಯಾಗಿಬಿಟ್ಟಿದೆ ನೋಡಪ್ಪಾ" ಎಂದರು. ಸಿಹಿ ವೈನ್ ಮಾಡುವ ಕಂಪನಿಗಳು ಫಿಲ್ಟರಿಗೆ ಅಷ್ಟು ದುಡ್ಡು ಸುರಿಯುವುದು ಈ ಭಯಕ್ಕೇ.

ಹುದುಗು ಶುರುವಾದ ಮೇಲೆ ಚಿಕ್ಕಪ್ಪನ ರಿಫ್ರಾಕ್ಟೋಮೀಟರ್ ನೇರವಾಗಿ ಕೆಲಸಕ್ಕೆ ಬರುವುದಿಲ್ಲ ಎನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ರಸದ ಸಕ್ಕರೆ ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಎಂದು ನೋಡಿ ಅದು ಲೆಕ್ಕ ಹೇಳುವುದು, ಆದರೆ ಆಲ್ಕೋಹಾಲ್ ಕೂಡ ಬೆಳಕನ್ನು ಬಗ್ಗಿಸುತ್ತದೆ. ಸಕ್ಕರೆ ಮುಗಿದ ಡ್ರೈ ವೈನನ್ನು ಅದರ ಗಾಜಿನ ಮೇಲೆ ಹಾಕಿದರೂ ಆರೇಳು ಬ್ರಿಕ್ಸ್ ಇದೆ ಎಂದು ತೋರಿಸುತ್ತದೆ. ಅಂದರೆ ಯಂತ್ರಕ್ಕೂ ಮೋಸವಾಗುತ್ತದೆ. ಇನ್ನು ನಾಲಿಗೆಯ ಪಾಡೇನು?

ನಾಲಿಗೆಯ ಲೆಕ್ಕ

ಮೈಸೂರು ಕಡೆ ಸಾರಿಗೆ ಒಂದು ತುಣುಕು ಬೆಲ್ಲ ಹಾಕುತ್ತೇವೆ. ಹಾಗಂತ ಊಟಕ್ಕೆ ಕೂತವರು ಯಾರೂ ಸಾರು ಸಿಹಿಯಾಗಿದೆ ಅನ್ನುವುದಿಲ್ಲ. ಹುಣಿಸೆಹಣ್ಣಿನ ಹುಳಿ ಆ ಬೆಲ್ಲವನ್ನು ಹಿಡಿದು ಕೂರಿಸುತ್ತದೆ. ಬೆಲ್ಲ ಬಿಟ್ಟ ದಿನ ಮಾತ್ರ ಏನೋ ಕಮ್ಮಿಯಾಗಿದೆ ಎಂದು ಗೊತ್ತಾಗುತ್ತದೆ. ವೈನಿನಲ್ಲಿ ಹುಳಿ ಮಾಡುವುದೂ ಇದನ್ನೇ. ಜರ್ಮನಿಯ ಮೊಸೆಲ್ ಕಣಿವೆಯ ರೀಸ್ಲಿಂಗ್ ಎಂಬ ಬಿಳಿ ವೈನಿನಲ್ಲಿ ಲೀಟರಿಗೆ 40 ಗ್ರಾಂ ಸಕ್ಕರೆ ಇದ್ದರೂ, ಅಲ್ಲಿನ ಚಳಿಗೆ ಉಳಿದ ಚೂಪಾದ ಹುಳಿಯ ಜೊತೆ ಸೇರಿ, ಅದು ಹಗುರವಾಗಿ, ಬಾಯಿ ತೊಳೆದ ಹಾಗೆ ಅನ್ನಿಸುತ್ತದೆ. ಅಷ್ಟೇ ಸಕ್ಕರೆಯನ್ನು ಹುಳಿ ಕಮ್ಮಿ ಇರುವ ವೈನಿಗೆ ಹಾಕಿದರೆ ಪಾಕ ಕುಡಿದ ಹಾಗಾಗುತ್ತದೆ.

ನಮ್ಮ ಸೀಮೆಯ ದ್ರಾಕ್ಷಿಯ ಕಷ್ಟ ಇಲ್ಲೇ ಇರುವುದು. ನಂದಿ ಬೆಟ್ಟದ ತಪ್ಪಲಲ್ಲಿ ಬೆಳೆಯುತ್ತಾರೆ, ನಮ್ಮ ಜಿಲ್ಲೆಯಲ್ಲೇ ತಿ. ನರಸೀಪುರದ ಕಡೆಯೂ ವೈನ್ ದ್ರಾಕ್ಷಿ ಇದೆ. ಬಿಸಿಲಿಗೆ ಸಕ್ಕರೆ ಬೇಗ ಏರುತ್ತದೆ, ಸೆಕೆಯ ರಾತ್ರಿಗಳಲ್ಲಿ ಹಣ್ಣಿಗೆ ಹುಳಿ ಕೊಡುವ ಮ್ಯಾಲಿಕ್ ಆಮ್ಲ ಅಷ್ಟೇ ಬೇಗ ಕರಗುತ್ತದೆ. ಹಣ್ಣಿನ ಘಮ ಜೋರು, ಹುಳಿ ಮೆತ್ತಗೆ. ಈಸ್ಟ್ ಸಕ್ಕರೆಯನ್ನೆಲ್ಲ ಮುಗಿಸಿದ್ದರೂ ಇಂಥ ವೈನ್ ಬಾಯಿಗೆ ಸಿಹಿ ಅನ್ನಿಸುತ್ತದೆ. ಅದರ ಮೇಲೆ ಆಲ್ಕೋಹಾಲಿಗೂ ತನ್ನದೇ ಒಂದು ತೆಳು ಸಿಹಿ ಇದೆ.

ಘಮದ ಮಾತು ಬಂತು. ಮೂಗಿಗೆ ಸಿಹಿ ಗೊತ್ತಾಗುವುದಿಲ್ಲ, ಸಿಹಿ ನಾಲಿಗೆಯ ಕೆಲಸ. ಆದರೆ ಮಾವು, ಅನಾನಸ್, ವೆನಿಲಾ ವಾಸನೆಗಳನ್ನು ನಾವು ಹುಟ್ಟಿದಾಗಿನಿಂದ ಸಿಹಿಯ ಜೊತೆಗೇ ತಿಂದಿದ್ದೇವೆ. ಆ ವಾಸನೆ ಬಂದರೆ ಸಾಕು, ಮಿದುಳು ಸಿಹಿ ಎಂದು ಬರೆದುಕೊಳ್ಳುತ್ತದೆ. ಓಕ್ ಪೀಪಾಯಿಯಲ್ಲಿಟ್ಟ ವೈನಿಗೆ ವೆನಿಲಾ ಘಮ ಬರುವುದು ಮರದಿಂದ. ಅದರಲ್ಲಿ ಸಕ್ಕರೆಯೇನೂ ಇಲ್ಲ. ಇದನ್ನು ಪರೀಕ್ಷೆ ಮಾಡುವುದು ಸುಲಭ. ಮೂಗು ಹಿಡಿದುಕೊಂಡು ಒಂದು ಗುಟುಕು ಕುಡಿಯಿರಿ. ಹುಳಿ ಗೊತ್ತಾಗುತ್ತದೆ, ಒಗರು ಗೊತ್ತಾಗುತ್ತದೆ, ನಿಜವಾದ ಸಿಹಿ ಇದ್ದರೆ ಅದೂ ಗೊತ್ತಾಗುತ್ತದೆ. ಮೂಗು ಬಿಟ್ಟ ತಕ್ಷಣ ಬಂದ ಸಿಹಿ ಇದೆಯಲ್ಲ, ಅದು ಘಮ. (ನಾಲಿಗೆಯ ತುದಿಯಲ್ಲಿ ಮಾತ್ರ ಸಿಹಿ, ಪಕ್ಕದಲ್ಲಿ ಹುಳಿ, ಹಿಂದೆ ಕಹಿ ಎಂದು ಶಾಲೆಯಲ್ಲಿ ಚಿತ್ರ ಬರೆದು ಬಣ್ಣ ಹಚ್ಚಿದ್ದೆವಲ್ಲ, ಅದು ತಪ್ಪು. 1901ರ ಒಂದು ಜರ್ಮನ್ ಪ್ರಬಂಧವನ್ನು ಆಮೇಲಿನವರು ತಪ್ಪಾಗಿ ಓದಿಕೊಂಡದ್ದರಿಂದ ಹುಟ್ಟಿದ ಚಿತ್ರ ಅದು. ನಾಲಿಗೆಯ ಎಲ್ಲ ಭಾಗಕ್ಕೂ ಎಲ್ಲ ರುಚಿಯೂ ತಿಳಿಯುತ್ತದೆ.)

ಕೆಂಪು ವೈನಿನ ಕಥೆ ಇದಕ್ಕೆ ತಿರುಗುಮುರುಗು. ಅದನ್ನು ಸಿಪ್ಪೆ, ಬೀಜದ ಜೊತೆಗೇ ಹುದುಗಿಸುತ್ತಾರೆ. ಅಲ್ಲಿಂದ ಟ್ಯಾನಿನ್ ಇಳಿಯುತ್ತದೆ. ಟ್ಯಾನಿನ್ ನಮ್ಮ ಎಂಜಲಿನ ಪ್ರೋಟೀನನ್ನು ಹಿಡಿದುಕೊಂಡರೆ ಬಾಯಿಯ ಜಾರಿಕೆ ಹೋಗಿ ದೊರಗಾಗುತ್ತದೆ. ಅದು ಒಗರು. ಬಾಯಿ ಒಣಗಿದ ಹಾಗಾಗುವುದಕ್ಕೂ ವೈನಿನಲ್ಲಿ ಸಕ್ಕರೆ ಇಲ್ಲದಿರುವುದಕ್ಕೂ ನೇರ ಸಂಬಂಧ ಇಲ್ಲ. ಪೋರ್ಟ್‌ನಲ್ಲಿ ಸಕ್ಕರೆಯೂ ತುಂಬಾ, ಒಗರೂ ತುಂಬಾ. ನಮ್ಮ ಮೇಷ್ಟ್ರ ನಾಲಿಗೆ ಸುಳ್ಳು ಹೇಳಿರಲಿಲ್ಲ. ಬಿಳಿಯಲ್ಲಿ ಘಮವನ್ನು ಓದಿತ್ತು, ಕೆಂಪಿನಲ್ಲಿ ಒಗರನ್ನು ಓದಿತ್ತು. ಸಕ್ಕರೆಯನ್ನು ಅದಕ್ಕೆ ಯಾರೂ ಬೇರೆ ಮಾಡಿ ತೋರಿಸಿರಲಿಲ್ಲ, ಅಷ್ಟೇ.

ಇದೆಲ್ಲದರ ಮೇಲೆ ಶಾಖ. ತಣ್ಣಗಿದ್ದಷ್ಟೂ ಸಿಹಿ ಕಮ್ಮಿ ತಿಳಿಯುತ್ತದೆ. ರೆಡ್ ವೈನನ್ನು ಫ್ರಿಜ್ಜಿಗೆ ಇಡಬಾರದು, ಕೋಣೆಯ ಶಾಖದಲ್ಲೇ ಕುಡಿಯಬೇಕು ಎಂದು ಯಾರೋ ಹೇಳಿದ್ದನ್ನು ಇಲ್ಲಿ ಬಹಳ ಜನ ಪಾಲಿಸುತ್ತಾರೆ. ಆ ಮಾತಿನ ಕೋಣೆ ಯೂರೋಪಿನ ಹಳೆಯ ಕಲ್ಲಿನ ಮನೆಯದು, 16-18 ಡಿಗ್ರಿ. ಏಪ್ರಿಲ್ ತಿಂಗಳ ಮಂಡ್ಯದ ಕೋಣೆಯಲ್ಲಿಟ್ಟ ರೆಡ್ ವೈನ್ ಕಷಾಯ. ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ, ಏನೂ ಆಗುವುದಿಲ್ಲ.

ಲೇಬಲ್ ಓದುವುದು

ಅಂಗಡಿಯಲ್ಲಿ ರುಚಿ ನೋಡಲು ಯಾರೂ ಕೊಡುವುದಿಲ್ಲ. ಅದರಲ್ಲೂ ನಮ್ಮೂರುಗಳಲ್ಲಿ 'ವೈನ್ಸ್' ಎಂದು ಬೋರ್ಡ್ ಹಾಕಿದ ಅಂಗಡಿಯಲ್ಲಿ ವೈನ್ ಒಂದೇ ಬಿಟ್ಟು ಉಳಿದದ್ದೆಲ್ಲ ಸಲೀಸಾಗಿ ಸಿಗುತ್ತದೆ. ಇದ್ದ ನಾಲ್ಕು ಬಾಟಲಿಯಲ್ಲಿ ಆರಿಸಲು ಆಲ್ಕೋಹಾಲ್ ಅಂಕಿಯೇ ಒಳ್ಳೆಯ ಸುಳಿವು. 13, 14 ಎಂದಿದ್ದರೆ ಈಸ್ಟ್ ಬಹುಪಾಲು ಊಟ ಮುಗಿಸಿದೆ. 8, 9 ಎಂದಿದ್ದರೆ ನಡುವೆ ಎಬ್ಬಿಸಿದ್ದಾರೆ, ಸಿಹಿ ಉಳಿದಿರಬಹುದು. ಇಟಲಿಯ ಮೊಸ್ಕಾಟೊ ದಾಸ್ತಿ 5ರ ಹತ್ತಿರ, ಅದು ಖಂಡಿತ ಸಿಹಿ. 18 ದಾಟಿದ್ದರೆ ಸ್ಪಿರಿಟ್ ಸೇರಿಸಿದ್ದಾರೆ, ಆಗ ಈ ಸೂತ್ರ ನಡೆಯುವುದಿಲ್ಲ.

ಶಾಂಪೇನಿನ ಲೇಬಲ್ ಮಾತ್ರ ದೊಡ್ಡ ತಲೆಹರಟೆ. ಅದರಲ್ಲಿ 'ಎಕ್ಸ್‌ಟ್ರಾ ಡ್ರೈ' ಅಂದರೆ ಲೀಟರಿಗೆ 12ರಿಂದ 17 ಗ್ರಾಂ. 'ಬ್ರೂಟ್' ಅಂದರೆ 12ಕ್ಕಿಂತ ಕಮ್ಮಿ. ಅಂದರೆ ಎಕ್ಸ್‌ಟ್ರಾ ಡ್ರೈಯೇ ಹೆಚ್ಚು ಸಿಹಿ! ಇದು ಇತಿಹಾಸದ ಎಡವಟ್ಟು. ಹತ್ತೊಂಬತ್ತನೇ ಶತಮಾನದಲ್ಲಿ ಶಾಂಪೇನ್ ಅಂದರೆ ಪಾಯಸದಷ್ಟು ಸಿಹಿ, ರಷ್ಯಾಕ್ಕೆ ಹೋಗುತ್ತಿದ್ದದ್ದಂತೂ ಇನ್ನೂ ಜಾಸ್ತಿ. ಆ ಅಳತೆಗೆ 17 ಗ್ರಾಂ ಅಂದರೆ ಬಹಳ ಡ್ರೈ. ಆಮೇಲೆ ಇಂಗ್ಲೆಂಡಿನವರು ಇನ್ನೂ ಕಮ್ಮಿ ಕೇಳಿದರು. ಶಾಂಪೇನ್ ಕಂಪನಿ ನಡೆಸುತ್ತಿದ್ದ ಮದಾಮ್ ಪೊಮೆರಿ 1874ರ ಬೆಳೆಯಿಂದ ಬ್ರೂಟ್ ಮಾಡಿ ಹೆಸರಾದರು. ಹೊಸದಕ್ಕೆ ಹೊಸ ಹೆಸರು ಬಂತು, ಹಳೆಯ ಹೆಸರು ಹಾಗೇ ಕೂತಿತು.

ಸಕ್ಕರೆ ಕಾಯಿಲೆ ಇರುವವರು ಡ್ರೈ ಕುಡಿದರೆ ಆಯ್ತಲ್ವಾ ಎಂದು ನನ್ನನ್ನು ಕೇಳುವವರು ಬಹಳ. 4 ಗ್ರಾಂ ಇರುವ ವೈನಿನ 150 ಮಿಲಿ ಲೋಟದಲ್ಲಿ ಅರ್ಧ ಗ್ರಾಮಿನ ಆಸುಪಾಸು ಸಕ್ಕರೆ. ಆಂಟಿಯ ವೈನಾದರೆ ಅದೇ ಲೋಟದಲ್ಲಿ ಮೂರು ಟೀ ಚಮಚ. ವ್ಯತ್ಯಾಸ ನಿಜ. ಆದರೆ ಆಲ್ಕೋಹಾಲಿಗೂ ಗ್ರಾಮಿಗೆ 7 ಕ್ಯಾಲರಿ ಇದೆ, ಮತ್ತು ಇನ್ಸುಲಿನ್ ಅಥವಾ ಕೆಲವು ಮಾತ್ರೆಗಳ ಜೊತೆ ಸೇರಿ ಅದು ರಕ್ತದ ಸಕ್ಕರೆಯನ್ನು ಅಪಾಯಕ್ಕೆ ಇಳಿಸಬಲ್ಲದು. ಇದನ್ನು ಡಾಕ್ಟರನ್ನು ಕೇಳಿ, ವೈನ್ ಬಗ್ಗೆ ಬರೆಯುವವನನ್ನಲ್ಲ. 2023ರ ಡಿಸೆಂಬರಿನಿಂದ ಯೂರೋಪಿನಲ್ಲಿ ಹೊಸ ವೈನಿಗೆ ಪೋಷಕಾಂಶದ ವಿವರ ಕಡ್ಡಾಯ. ಬಾಟಲಿಯ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸಕ್ಕರೆ ಎಷ್ಟೆಂದು ಸಿಗುತ್ತದೆ. ನಮ್ಮ ಕಂಪನಿಗಳೂ ಗ್ರಾಮಿನ ಲೆಕ್ಕ ಕೊಟ್ಟರೆ ಡ್ರೈ, ಸೆಮಿ ಡ್ರೈ ಎಂಬ ಹೆಸರುಗಳ ಹಂಗೇ ಬೇಡ.

ಸಿಹಿ ಕೇಳಲು ನಾಚಿಕೆ ಯಾಕೆ

ನನಗೆ ಸಿಟ್ಟು ಬರುವ ವಿಷಯ ಇದು. ಸ್ವಲ್ಪ ವೈನ್ ಕಲಿತವರೆಲ್ಲ ಸಿಹಿ ವೈನ್ ಕೇಳುವವರನ್ನು ಕಂಡು ನಗುತ್ತಾರೆ. ಡ್ರೈ ಅಂದರೆ ತಿಳಿದವರು, ಸ್ವೀಟ್ ಅಂದರೆ ಹಳ್ಳಿಗುಗ್ಗು ಎಂಬ ಹಾಗೆ. ಲೋಕದ ಅತಿ ದುಬಾರಿ ವೈನುಗಳ ಸಾಲಿನಲ್ಲಿ ಸೊತರ್ನ್ ಇದೆ, ಹಂಗೇರಿಯ ಟೊಕಾಯ್ ಇದೆ. ದಕ್ಷಿಣ ಆಫ್ರಿಕಾದ ಕಾನ್‌ಸ್ಟಾನ್ಶಿಯಾ ಎಂಬ ಸಿಹಿ ವೈನಿಗೆ ಯೂರೋಪಿನ ಅರಮನೆಗಳು ಕಾದು ಕೂರುತ್ತಿದ್ದವು. ಸೇಂಟ್ ಹೆಲೆನಾ ದ್ವೀಪದಲ್ಲಿ ಸೆರೆಯಲ್ಲಿದ್ದ ನೆಪೋಲಿಯನ್ ಕುಡಿಯುತ್ತಿದ್ದದ್ದೂ ಅದನ್ನೇ. ಕೆಟ್ಟ ಸಿಹಿ ವೈನ್ ಇದೆ, ನಿಜ. ಸಪ್ಪೆ ರಸಕ್ಕೆ ಸಕ್ಕರೆ ಸುರಿದು ಹುಳುಕು ಮುಚ್ಚಿದ್ದು. ಅಲ್ಲಿ ತಪ್ಪು ಸಕ್ಕರೆಯದ್ದಲ್ಲ, ಅದನ್ನು ತಡೆದು ನಿಲ್ಲಿಸುವ ಹುಳಿ ಇಲ್ಲದ್ದು.

ನಮ್ಮ ಊಟದ ಜೊತೆಗಂತೂ ಸ್ವಲ್ಪ ಸಿಹಿಯೇ ವಾಸಿ ಎಂದು ನಾನು ವಾದ ಮಾಡುತ್ತೇನೆ. ಮಂಡ್ಯ ಕಡೆಯ ನಾಟಿಕೋಳಿ ಸಾರು, ಮುದ್ದೆ ಮುಂದೆ ಇಟ್ಟುಕೊಂಡು 14ರ ಡ್ರೈ ರೆಡ್ ಕುಡಿದು ನೋಡಿ. ಆಲ್ಕೋಹಾಲ್ ಖಾರದ ಉರಿಯನ್ನು ಏರಿಸುತ್ತದೆ. ಉರಿಯುವ ಬಾಯಿಗೆ ಒಗರು ಇನ್ನೊಂದು ಕಾಟ. ಚಿಕ್ಕಪ್ಪನ ಮನೆಯಲ್ಲಿ ಒಂದು ಭಾನುವಾರ ಈ ಪ್ರಯೋಗ ಆಯಿತು. ರೆಡ್ ಲೋಟವನ್ನು ಅವರು ಒಂದೇ ಗುಟುಕಿಗೆ ಪಕ್ಕಕ್ಕೆ ಸರಿಸಿದರು. ಆಮೇಲೆ ಫ್ರಿಜ್ಜಿನಿಂದ ತೆಗೆದ, ಸ್ವಲ್ಪ ಸಿಹಿ ಉಳಿಸಿದ ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನ್ ಕೊಟ್ಟೆ. ಆಲ್ಕೋಹಾಲ್ ಕಮ್ಮಿ, ಹುಳಿ ಚೆನ್ನಾಗಿತ್ತು. "ಇದು ಸಾರಿಗೆ ಒಗ್ತದೆ ಕಣ್ಲಾ" ಎಂದು ಇನ್ನೊಂದು ಮುದ್ದೆ ಹಾಕಿಸಿಕೊಂಡರು. ಉಳಿದ ರೆಡ್ ವೈನನ್ನು ಸಂಜೆ ಹುರಿದ ಕಡಲೆಕಾಯಿ ಬೀಜದ ಜೊತೆ ನಾನೇ ಮುಗಿಸಿದೆ. ಆ ಎಣ್ಣೆ, ಉಪ್ಪಿಗೆ ಅದರ ಒಗರು ಎಷ್ಟೋ ತಗ್ಗಿತ್ತು.